ಸಿಸ್ಟರ್, ಅಮ್ಮ ಅಂದ್ರೆ ವಿಸಿಟರ್ ಅಲ್ಲ

ಪತ್ರ: ನಾನು ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್. ದಿನ ತುಂಬದೇ ಹುಟ್ಟಿದ ಮಕ್ಕಳನ್ನ ಉಳಿಸೋಕೆ ರಾತ್ರಿಯೆಲ್ಲ ಒದ್ದಾಡ್ತೀವಿ. ಆದ್ರೂ ತಾಯಂದಿರಿಗೆ ನಮ್ಮ ಮೇಲೆ ನಂಬಿಕೆ ಇಲ್ಲ. ಸದಾ ಮಾನಿಟರ್ ನೋಡ್ತಾ ಕೂತಿರ್ತಾರೆ, ಒಂದೇ ಪ್ರಶ್ನೆ ನಾಲ್ಕು ಸಲ ಕೇಳ್ತಾರೆ, ನಾವು ಹೇಳಿದ್ದನ್ನ ಫೋನಲ್ಲಿ ಹುಡುಕ್ತಾರೆ. ಇವರಿಗೆ ಏನಂತ ಹೇಳೋದು?

ಉತ್ತರ: ಸಿಸ್ಟರ್, ಮೊದಲು ನಿಮಗೊಂದು ನಮಸ್ಕಾರ. ಒಂದು ಕೆಜಿನೂ ಇಲ್ಲದ ಕೂಸಿನ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕೋದು, ಅದರ ನಡುವೆ ಪಕ್ಕದ ಮಗುವಿನ ಫೀಡ್, ಚಾರ್ಟು, ಶಿಫ್ಟ್ ಬದಲಾಗೋವಾಗಿನ ಹ್ಯಾಂಡೋವರ್ ಎಲ್ಲ ನೋಡ್ಕೊಳ್ಳೋದು ಸಾಮಾನ್ಯ ಕೆಲಸ ಅಲ್ಲ, ಒಪ್ಪಿದೆ. ಆದ್ರೆ ನಂಬಿಕೆ ವಿಷಯ ಬಂದ್ರೆ ನಾನು ಅಮ್ಮಂದಿರ ಕಡೆ. ಬೇಜಾರಾದ್ರೂ ಪೂರ್ತಿ ಓದಿ.

ನಿನ್ನೆವರೆಗೂ ಹೊಟ್ಟೆಯಲ್ಲಿ ಒದೀತಿದ್ದ ಮಗು ಇವತ್ತು ಇನ್ಕ್ಯುಬೇಟರ್ ಒಳಗಿದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು, ಗೋಡೆ ಹಿಡ್ಕೊಂಡು ಅವಳು ಬಾಗಿಲವರೆಗೆ ಬಂದ್ರೆ ಇನ್ನೂ ಟೈಮ್ ಆಗಿಲ್ಲ ಅಂತಾರೆ, ಒಳಗೆ ಬಂದ್ರೆ ಮುಟ್ಟಬೇಡಿ ಅಂತಾರೆ. ಅಷ್ಟರಲ್ಲಿ ಮಾನಿಟರ್ ಕೂಗತ್ತೆ, ಸಿಸ್ಟರ್ ಬಂದು ಬಟನ್ ಒತ್ತಿ ಸದ್ದು ನಿಲ್ಲಿಸಿ ಹೋಗ್ತಾರೆ. ಮಗು ಕಾಲಾಡಿಸಿದ್ದಕ್ಕೆ ಆಕ್ಸಿಜನ್ ಅಳೆಯೋ ಪ್ರೋಬ್ ಸಡಿಲ ಆಗಿದೆ ಅಷ್ಟೇ ಅಂತ ನಿಮಗೆ ಗೊತ್ತು. ಅವಳಿಗೆ ಯಾರು ಹೇಳಿದ್ರು? ಅವಳು ಕಂಡಿದ್ದು ಇಷ್ಟೇ, 95 ಇದ್ದ ನಂಬರ್ 78ಕ್ಕೆ ಇಳೀತು, ನೋಡ್ಕೋಬೇಕಾದವರು ಅಲಾರಂ ಆಫ್ ಮಾಡಿ ಹೋದ್ರು. "ಪ್ರೋಬ್ ಸರಿದಿತ್ತಮ್ಮ, ಮಗು ಬಣ್ಣ ನೋಡಿ, ಚೆನ್ನಾಗಿದಾನೆ" ಅಂತ ಒಂದು ಮಾತು ಹೇಳೋಕೆ ಎಷ್ಟು ಹೊತ್ತು ಬೇಕು?

ನನ್ನ ತಂಗಿ ಮಗಳಿಗೆ ಏಳು ತಿಂಗಳಿಗೇ ಹೆರಿಗೆ ಆಯ್ತು. ಅವಳು ಕಷ್ಟಪಟ್ಟು ಹಿಂಡಿ ತಂದ ಎರಡು ಎಂಎಲ್ ಹಾಲು ನೋಡಿ ಒಬ್ಬರು "ಇಷ್ಟೇನಾ?" ಅಂದ್ರಂತೆ, ಆಮೇಲೆ ಎರಡು ದಿನ ಅವಳಿಗೆ ಹಾಲೇ ಸರಿಯಾಗಿ ಬರಲಿಲ್ಲ. ರಾತ್ರಿ ಡ್ಯೂಟಿಗೆ ಬಂದ ಇನ್ನೊಬ್ಬ ಸಿಸ್ಟರ್ ಅಷ್ಟೇ ಹಾಲನ್ನ ಸಿರಿಂಜಲ್ಲಿ ಎಳ್ಕೊಂಡು, ಹತ್ತಿ ಕಡ್ಡಿಯಲ್ಲಿ ಅದ್ದಿ ಮಗು ಬಾಯಿಗೆ ಸವರಿ, ಮುಂದಿನ ಸಲ ಇದನ್ನ ನೀವೇ ಮಾಡಿ ಅಂದ್ರು. ಅವರೇ ಇನ್ನೊಂದು ಕಲಿಸಿಕೊಟ್ರು, ಇಷ್ಟು ಎಳೆ ಮಗುವಿನ ಮೈ ನೇವರಿಸಬಾರದು, ಅದಕ್ಕೆ ಕಿರಿಕಿರಿ ಆಗತ್ತೆ, ಒಂದು ಕೈ ತಲೆ ಮೇಲೆ, ಇನ್ನೊಂದು ಕೈಯಲ್ಲಿ ಮಡಚಿದ ಕಾಲು, ಅಲ್ಲಾಡಿಸದೆ ಸುಮ್ನೆ ಹಿಡಿದಿರಿ ಅಂತ. ಒದ್ದಾಡ್ತಿದ್ದ ಮಗು ಸುಮ್ಮನಾಯ್ತು. ಆ ಸಿಸ್ಟರ್ ಡ್ಯೂಟಿ ಇದ್ದ ರಾತ್ರಿ ಮಾತ್ರ ಇವಳಿಗೆ ನಿದ್ದೆ ಬರ್ತಿತ್ತು.

ಇನ್‌ಫೆಕ್ಷನ್ ಭಯಕ್ಕೆ ಅಮ್ಮನನ್ನ ಹೊರಗಿಡ್ತೀವಿ ಅನ್ನೋ ಮಾತು ಬರತ್ತೆ, ಗೊತ್ತು. ಆದ್ರೆ 1979ರಲ್ಲಿ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಡಾಕ್ಟರ್ ಆದಿಕ್ ಲೆವಿನ್ ಅವರ ವಾರ್ಡಲ್ಲಿ ಸಾಕಷ್ಟು ನರ್ಸುಗಳೇ ಇರಲಿಲ್ಲ, ಹಾಗಾಗಿ ಅಮ್ಮಂದಿರನ್ನೇ ಒಳಗೆ ಇರಿಸ್ಕೊಂಡು ದಿನದ ಆರೈಕೆ ಅವರ ಕೈಗೆ ಕೊಟ್ರು, ನರ್ಸುಗಳು ಚಿಕಿತ್ಸೆ ಮಾಡ್ತಾ ಅಮ್ಮಂದಿರಿಗೆ ಕಲಿಸ್ತಾ ಹೋದ್ರು, ಇನ್‌ಫೆಕ್ಷನ್ ಕಮ್ಮಿ ಆಯ್ತು, ಮಕ್ಕಳ ತೂಕ ಚೆನ್ನಾಗಿ ಏರ್ತು. ಅದಕ್ಕೂ ಒಂದು ವರ್ಷ ಮುಂಚೆ ಕೊಲಂಬಿಯಾದ ಬೊಗೊಟಾದಲ್ಲಿ ಕಾಂಗರೂ ಕೇರ್, ಅಂದ್ರೆ ಮಗುವನ್ನ ಅಮ್ಮನ ಬರಿ ಎದೆಗೆ ಅಪ್ಪಿಸಿ ಇಡೋದು, ಶುರುವಾಗಿದ್ದೂ ಇನ್ಕ್ಯುಬೇಟರ್ ಸಾಲದೇ ಇದ್ದಾಗ. ಇನ್ನು 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆ ಅಧ್ಯಯನ ನೋಡಿ. ಭಾರತ ಮತ್ತೆ ಆಫ್ರಿಕಾದ ನಾಲ್ಕು ದೇಶಗಳಲ್ಲಿ, 1ರಿಂದ 1.8 ಕೆಜಿ ಒಳಗಿನ ಮಕ್ಕಳನ್ನ ಸ್ಥಿರ ಆಗೋವರೆಗೂ ಕಾಯದೆ ಹುಟ್ಟಿದ ಕೂಡಲೇ ಹೀಗೆ ಅಮ್ಮನ ಎದೆಗೆ ಅಪ್ಪಿಸಿ ಇಟ್ರು. ಸ್ಥಿರ ಆಗೋವರೆಗೂ ಕಾದ ಗುಂಪಲ್ಲಿ 28 ದಿನದೊಳಗಿನ ಸಾವು 15.7% ಇದ್ರೆ, ಈ ಮಕ್ಕಳಲ್ಲಿ 12%. ಇದನ್ನ ಮಾಡೋಕೆ ಅಮ್ಮಂದಿರ ಮಂಚವನ್ನೇ ಎನ್‌ಐಸಿಯು ಒಳಗೆ ತಂದು ಹಾಕಿದ್ರು ಸಿಸ್ಟರ್.

ನನಗೆ ನಿಮ್ಮ ಮೇಲಿಗಿಂತ ನಿಮ್ಮ ಮೇಲಿನವರ ಮೇಲೆ ಸಿಟ್ಟು. ಕೋಟಿಗಟ್ಟಲೆ ಮೆಷಿನ್ ತರೋ ಆಸ್ಪತ್ರೆಗೆ ಮಗು ಪಕ್ಕ ಒರಗಿ ಕೂರೋ ಒಂದು ಕುರ್ಚಿ ಹಾಕೋಕೆ ಜಾಗ ಇರಲ್ಲ, ಇನ್ನಿಬ್ಬರು ನರ್ಸುಗಳನ್ನ ತಗೊಳ್ಳೋಕೆ ದುಡ್ಡಿರಲ್ಲ. ಡಾಕ್ಟರ್ ಬಂದು ಕಾರಿಡಾರಲ್ಲಿ ಅಪ್ಪನಿಗೋ ಅಜ್ಜನಿಗೋ ವಿಷಯ ಹೇಳಿ, "ಅವರಿಗೆ ಈಗಲೇ ಹೇಳ್ಬೇಡಿ, ಗಾಬರಿ ಆಗ್ತಾರೆ" ಅಂತಾರೆ. ಹೆತ್ತವಳಿಗೇ ಕೊನೇಲಿ ಗೊತ್ತಾಗೋದು! ಆಮೇಲೆ ಅವಳು ಫೋನಲ್ಲಿ ಹುಡುಕಿದ್ರೆ ನಾವು ತಪ್ಪು ಅಂತೀವಿ.

ಒಂದೇ ಪ್ರಶ್ನೆ ನಾಲ್ಕು ಸಲ ಕೇಳ್ತಾರೆ ಅಂದ್ರಲ್ಲ, ಮುಂದಿನ ಸಲ ಕೇಳಿದಾಗ "ಬೆಳಗಿನ ಸಿಸ್ಟರ್ ನಿಮಗೆ ಏನು ಹೇಳಿದ್ರು?" ಅಂತ ನೀವೇ ವಾಪಸ್ ಕೇಳಿ ನೋಡಿ. ಮೂರು ಶಿಫ್ಟಿಗೆ ಮೂರು ಉತ್ತರ ಸಿಕ್ಕಿರೋ ಸಾಧ್ಯತೆ ಜಾಸ್ತಿ. ಹಾಗಿದ್ರೆ ಹ್ಯಾಂಡೋವರ್ ಮಾಡೋವಾಗ ಅವಳನ್ನ ಹೊರಗೆ ಕಳಿಸ್ಬೇಡಿ, ಅವಳ ಮಗುವಿನ ವಿಷಯ ಅವಳ ಎದುರಿಗೇ ಹೇಳಿ. ಆ ಕುರ್ಚಿ ಬಗ್ಗೆ ಮ್ಯಾನೇಜ್‌ಮೆಂಟಿಗೆ ನೀವೊಂದು ಅರ್ಜಿ ಬರೀರಿ, ಉತ್ತರ ಬರಲಿಲ್ಲ ಅಂದ್ರೆ ಅದರ ಕಾಪಿ ನನಗೆ ಕಳಿಸಿ.

- ಸಂಪಾದಕ