ಸೆಪ್ಟೋಪ್ಲಾಸ್ಟಿ ಆಗಿ ಮೂರು ವಾರ, ಭಾನುವಾರ ಬಾವಿಗೆ ಧುಮುಕಬಹುದಾ?

ಸೊಟ್ಟಗಿದ್ದ ಮೂಗಿನ ಮೂಳೆ ಸರಿ ಮಾಡಿಸಿ ಮೂರು ವಾರ ಆಯ್ತು, ಉಸಿರು ಸಲೀಸಾಗಿದೆ, ಈ ಭಾನುವಾರ ಗೆಳೆಯರ ಜೊತೆ ಊರಿನ ಬಾವಿಗೆ ಧುಮುಕಬಹುದಾ ಅಂತ ಕೇಳಿದ್ದೀರಿ. ಬೇಡ. ಹೀಗೇ ಅವಸರ ಮಾಡಿ ಒಂದು ಬಿಳಿ ಟವೆಲ್ ಹಾಳು ಮಾಡಿಕೊಂಡವನು ನಾನು.

ನನಗೂ ಆಗಿದ್ದು ಸೆಪ್ಟೋಪ್ಲಾಸ್ಟಿಯೇ. ಜೊತೆಗೆ ಊದಿಕೊಂಡಿದ್ದ ಟರ್ಬಿನೇಟನ್ನೂ (ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿಕೊಂಡಿರುವ ಭಾಗ) ಸ್ವಲ್ಪ ಕುಗ್ಗಿಸಿದ್ದರು. ಒಂದು ವಾರಕ್ಕೆ ಒಳಗೆ ಆಧಾರಕ್ಕೆ ಇಟ್ಟಿದ್ದ ತೆಳು ಪಟ್ಟಿ, ಅಂದರೆ ಸ್ಪ್ಲಿಂಟ್, ತೆಗೆದರು. ಆಗ ಎಳೆದ ಮೊದಲ ಉಸಿರು ತಣ್ಣಗೆ ಗಂಟಲವರೆಗೂ ಇಳಿಯಿತು. ಅಷ್ಟು ವರ್ಷ ಒಂದೇ ಹೊಳ್ಳೆಯಲ್ಲಿ ಕಾಲ ಹಾಕಿದವನಿಗೆ ಅದು ಹಬ್ಬ. ಡಾಕ್ಟರು ಆರು ವಾರ ಈಜು ಬೇಡ ಅಂದಿದ್ದರು. ಇಷ್ಟು ಚೆನ್ನಾಗಿ ಉಸಿರಾಡುವವನಿಗೆ ಇನ್ನೇನು ಕಾಯುವುದು ಅಂತ 25ನೇ ದಿನಕ್ಕೇ ಕೊಳಕ್ಕೆ ಇಳಿದೆ. ನಾಲ್ಕು ಸುತ್ತು ಏನೂ ಆಗಲಿಲ್ಲ. ಐದನೆಯದರಲ್ಲಿ ಗೋಡೆಯ ಹತ್ತಿರ ಪಲ್ಟಿ ಹೊಡೆದೆ, ನೀರು ಸೀದಾ ನೆತ್ತಿಗೇರಿತು. ದಡಕ್ಕೆ ಬಂದು ಅಭ್ಯಾಸಬಲದಿಂದ ಜೋರಾಗಿ ಮೂಗು ಸೀಟಿದೆ. ಟವೆಲ್ ಕೆಂಪಾಯಿತು.

ದೊಡ್ಡ ಅನಾಹುತವೇನೂ ಆಗಿರಲಿಲ್ಲ. ಆದರೆ ಒಳಗೆ ಮಾಯುತ್ತಿದ್ದ ಜಾಗದ ಹಕ್ಕಳೆ ಕಿತ್ತು ಬಂದಿತ್ತು, ಡಾಕ್ಟರು ಮತ್ತೆ ಮೊದಲಿಂದ ವಾರ ಎಣಿಸಲು ಹೇಳಿದರು. ಉಸಿರು ಸರಿಯಾಗುವುದೇ ಬೇರೆ, ಗಾಯ ಮಾಯುವುದೇ ಬೇರೆ. ಈ ಆಪರೇಷನ್ನಿನಲ್ಲಿ ಎರಡು ಹೊಳ್ಳೆಗಳ ನಡುಗೋಡೆಯ ಎರಡೂ ಕಡೆಯ ತೆಳು ಪೊರೆಯನ್ನು ಬಿಡಿಸಿ, ಸೊಟ್ಟ ಭಾಗವನ್ನು ಸರಿ ಮಾಡಿ, ಮತ್ತೆ ಪೊರೆ ಮುಚ್ಚುತ್ತಾರೆ. ಆ ಪೊರೆ ಭದ್ರವಾಗಿ ಕೂರಲು ಟೈಮ್ ಬೇಕು. ಹೊರಗೆ ಒಂದು ಹೊಲಿಗೆಯೂ ಕಾಣುವುದಿಲ್ಲವಲ್ಲ, ಅದಕ್ಕೇ ನಮಗೆ ಗಾಯವಿದೆ ಅನ್ನುವುದೇ ಮರೆತುಹೋಗುತ್ತದೆ.

ಸಾಮಾನ್ಯವಾಗಿ ಮೂರರಿಂದ ಆರು ವಾರ ಅನ್ನುತ್ತಾರೆ. ಸೈನಸ್ ಆಪರೇಷನ್ನೂ ಸೇರಿದ್ದರೆ ಜಾಸ್ತಿಯಾಗಬಹುದು. ಮೂಗಿನ ಹೊರ ಆಕಾರ ಬದಲಿಸಿದ್ದರೆ ಈಜು ಕನ್ನಡಕ ಮೂಗಿನ ಮೇಲೆ ಒತ್ತುವುದೂ ಒಂದು ಸಮಸ್ಯೆ. ನಿಮ್ಮ ಮೂಗಿನೊಳಗೆ ನೋಡಿರುವುದು ನಿಮ್ಮ ಇಎನ್‌ಟಿ ಡಾಕ್ಟರು, ನಾನಲ್ಲ. ಅವರು ಇನ್ನೊಮ್ಮೆ ನೋಡಿ ಹೂಂ ಅನ್ನುವವರೆಗೆ ಕಾಯಿರಿ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕಟ್ಟಿದ್ದ ಮೂಗು ಗಾಳಿಯ ಜೊತೆ ನೀರನ್ನೂ ತಡೆಯುತ್ತಿತ್ತು! ದಾರಿ ತೆರೆದ ಮೇಲೆ ನೀರಿಗೂ ಸಲೀಸು. ಹಾಗಾಗಿ ಎರಡನೇ ಸಲ ಇಳಿದಾಗ ಸಣ್ಣ ಮಕ್ಕಳ ಹಾಗೆ ಎದೆಮಟ್ಟದ ನೀರಿನಲ್ಲಿ ನಿಂತು ಶುರು ಮಾಡಿದೆ. ಮುಖ ಮುಳುಗಿಸಿ, ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗುವುದು. ಮೂಗಿನಿಂದ ಗುಳ್ಳೆ ಹೊರಡುತ್ತಿದ್ದರೆ ನೀರು ಒಳಗೆ ಬರುವುದಿಲ್ಲ. ಪಕ್ಕದಲ್ಲಿ ಈಜು ಕಲಿಯುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ ಅಯ್ಯೋ ಪಾಪ ಅಂದುಕೊಂಡಿರಬೇಕು. ಎರಡು ದಿನ ಇಷ್ಟೇ. ಆಮೇಲೆ ನಿಧಾನಕ್ಕೆ ಫ್ರೀಸ್ಟೈಲ್. ಮೂಗು ಮೇಲೆ ಮಾಡಿ ಮಲಗುವ ಬ್ಯಾಕ್‌ಸ್ಟ್ರೋಕ್, ಪಲ್ಟಿ, ಡೈವ್ ಎಲ್ಲವನ್ನೂ ಕೊನೆಗೆ ಇಟ್ಟುಕೊಂಡೆ. ನೋಸ್ ಕ್ಲಿಪ್ ಹಾಕಿದರೆ ಆಯ್ತಲ್ಲ ಅನ್ನಬೇಡಿ, ಅದು ಹಿಂಡುವುದು ಮಾಯುತ್ತಿರುವ ಆ ಮೆತ್ತನೆ ಭಾಗವನ್ನೇ. ಅದನ್ನೂ ಡಾಕ್ಟರನ್ನು ಕೇಳಿಯೇ ಹಾಕಿ.

ಕೊಳದ ನೀರು ಮೊದಮೊದಲು ಚುರ್ರ್ ಅನ್ನುತ್ತದೆ. ನಮ್ಮ ಮೈಯ ದ್ರವದಲ್ಲಿ ಶೇ. 0.9ರಷ್ಟು ಉಪ್ಪು ಇದ್ದ ಹಾಗೆ, ಕೊಳದ ನೀರು ಅದರ ಮುಂದೆ ಸಪ್ಪೆ. ಮೇಲೆ ಕ್ಲೋರಿನ್ ಬೇರೆ. (ಅಂದ ಹಾಗೆ ಕೊಳದ ಆ ಘಾಟು ವಾಸನೆ ಬರೀ ಕ್ಲೋರಿನ್ನಿನದಲ್ಲ. ಅದು ನಮ್ಮ ಬೆವರು, ಉಚ್ಚೆಯ ಜೊತೆ ಸೇರಿ ಆಗುವ ಕ್ಲೋರಮೀನ್. ಇಳಿಯುವ ಮುಂಚೆ ಸ್ನಾನ ಮಾಡಿ ಅನ್ನುವ ಬೋರ್ಡು ಸುಮ್ನೆ ಹಾಕಿಲ್ಲ.) ಈಜಿ ಬಂದ ಮೇಲೆ ನಾನು ಸೆಲೈನಿನಲ್ಲಿ ಮೂಗು ತೊಳೆಯುತ್ತೇನೆ. ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯಿಂದ ನೇರವಾಗಿ ಬೇಡ.

ಈಗ ನಿಮ್ಮ ಬಾವಿ. ಕ್ಲೋರಿನ್ ಇಲ್ಲ, ನಿಂತ ನೀರು, ಕಟ್ಟೆ ಮೇಲಿಂದ ಕಾಲು ಮುಂದಾಗಿ ಧುಮುಕುವುದು. ಆ ರಭಸಕ್ಕೆ ನೀರು ಪಿಚಕಾರಿಯ ಹಾಗೆ ಮೂಗಿಗೆ ನುಗ್ಗುತ್ತದೆ. 2024ರಲ್ಲಿ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಸುದ್ದಿ ಓದಿರಬಹುದು. ಬಹಳ ಅಪರೂಪದ ಕಾಯಿಲೆ, ನಿಜ. ಆದರೆ ಬೆಚ್ಚಗಿನ ಸಿಹಿನೀರಿನಲ್ಲಿರುವ ಆ ಅಮೀಬಾ ಒಳಗೆ ಹೋಗುವ ದಾರಿಯೇ ಮೂಗು. ಹಾಗಾಗಿ ನಿಮಗೆ ಆರು ವಾರ ತುಂಬಿದರೂ ನಾನು ಮೊದಲು ಒಳ್ಳೆಯ ಕೊಳಕ್ಕೇ ಹೋಗಿ ಅನ್ನುತ್ತೇನೆ. ಭಾನುವಾರ ಗೆಳೆಯರ ಜೊತೆ ಖಂಡಿತ ಹೋಗಿ. ಕಟ್ಟೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ಅವರ ಬಟ್ಟೆ, ಮೊಬೈಲು ಕಾಯಿರಿ.