ಬೋರ್ಡಿಗೆ ಬ್ಯಾಟರಿ ಕೇಳಿದರೆ ಗುಂಪಿನವರು ಯಾಕೆ ಒಪ್ಪುತ್ತಿಲ್ಲ?

ಬಾವಿ ನೀರಿನ ಮಟ್ಟ ಅಳೆಯುವ ಬೋರ್ಡಿಗೆ ಬ್ಯಾಟರಿ ಸಾಕೆಟ್ ಬೇಕು ಅಂತ ನೀವು ಕೇಳಿದಾಗ, ಅದನ್ನು ತಯಾರಿಸುವ ಗುಂಪಿನವರು ಬೇಡ ಅಂದಿದ್ದಕ್ಕೆ ಬಹುಶಃ ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಚಿಪ್) ಕಾರಣ. ನೀವು ಹಾಕಿದ ಫೋಟೋದಲ್ಲಿ ಇಎಸ್‌ಪಿ32 (ವೈಫೈ ಇರುವ ಕಂಟ್ರೋಲರ್ ಚಿಪ್) ಪಕ್ಕ ಎಎಂಎಸ್1117 ಎಂಬ ರೆಗ್ಯುಲೇಟರ್ ಕಾಣುತ್ತಿದೆ. 3.3 ವೋಲ್ಟ್ ಕೊಡಲು ಅದಕ್ಕೆ ಒಳಗೆ ಬರುವ ವೋಲ್ಟೇಜ್ ಅದಕ್ಕಿಂತ ಸುಮಾರು 1 ವೋಲ್ಟ್ ಜಾಸ್ತಿ ಇರಬೇಕು. 3.7 ವೋಲ್ಟಿನ ಲಿಥಿಯಂ ಬ್ಯಾಟರಿ ಸಾಲುವುದಿಲ್ಲ. ಹಾಗಾಗಿ ಬ್ಯಾಟರಿ ಸಾಕೆಟ್ ಹಾಕಲು ಪಿಸಿಬಿಯನ್ನೇ (ಬಿಡಿಭಾಗಗಳನ್ನು ಜೋಡಿಸುವ ಸರ್ಕ್ಯೂಟ್ ಬೋರ್ಡ್) ಬದಲಿಸಬೇಕು. ಸಂಬಳವಿಲ್ಲದೆ ಮಾಡುವವರಿಗೆ ಅದು ದೊಡ್ಡ ಖರ್ಚು ಅಲ್ವಾ?

ಮೊದಲು ನಿಮ್ಮ ಕಷ್ಟವನ್ನಷ್ಟೇ ಬರೆಯಿರಿ: ಉಡುಪಿಯ ಮಳೆಗೆ ಕರೆಂಟ್ ಹೋದರೆ ರೀಡಿಂಗ್ ನಿಂತುಹೋಗುತ್ತದೆ. ಆಮೇಲೆ ಬೋರ್ಡಿನಲ್ಲಿ ಏನೂ ಬದಲಿಸದೆ, ಬ್ಯಾಟರಿಗೆ 5 ವೋಲ್ಟಿನ ಬೂಸ್ಟ್ ಮಾಡ್ಯೂಲ್ (ವೋಲ್ಟೇಜ್ ಏರಿಸುವ ಸಣ್ಣ ಬೋರ್ಡ್) ಜೋಡಿಸಿ, ಯುಎಸ್‌ಬಿ ತೆಗೆದು, 5 ವೋಲ್ಟ್ ಪಿನ್ನಿಗೆ ಕೊಟ್ಟು ಓಡಿಸಿ. ಪವರ್ ಬ್ಯಾಂಕ್ ಬೇಡ. ಲೋಡ್ ಕಡಿಮೆಯಾದರೆ ಹಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆಫ್ ಆಗುತ್ತವೆ. ವೈಫೈ ಕಳಿಸುವ ಹೊತ್ತಿಗೆ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು, ಎಷ್ಟು ಗಂಟೆ ನಡೆಯಿತು ಅಂತ ಮೀಟರಿನ ಫೋಟೋ ಸಮೇತ ಹಾಕಿ. ಅಲ್ಲಿಯವರೆಗೆ ಸುಮ್ನೆ ವಾದ ಬೆಳೆಸಬೇಡಿ.

ಕೊನೆಗೆ, ಮುಂದಿನ ಆವೃತ್ತಿಯಲ್ಲಿ 5 ವೋಲ್ಟ್ ಮತ್ತು ಗ್ರೌಂಡಿಗೆ ಎರಡು ಪಿನ್ನಿನ ಜಾಗ ಮಾತ್ರ ಕೇಳಿ. ಪರೀಕ್ಷೆ ನಾನೇ ಮಾಡಿಕೊಡುತ್ತೇನೆ ಅನ್ನಿ. ಆಗಲೂ ಒಪ್ಪದಿದ್ದರೆ, ಇನ್ನೇನು ತೋರಿಸಬೇಕು ಅಂತ ನೇರವಾಗಿ ಕೇಳಿ.