ಸರ್ಕಲ್ ಬಂದ ಕೂಡಲೇ ಮಾಯವಾಗುವ ಸೈಕಲ್ ಪಥ

ಓದುಗರ ಪತ್ರ: ನಮ್ಮದು ನಾಲ್ಕೈದು ಲಕ್ಷ ಜನ ಇರುವ ಊರು. ಕೆಲವು ವರ್ಷದ ಹಿಂದೆ ದೊಡ್ಡ ರಸ್ತೆಯೊಂದರ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ ಪಥ ಅಂದರು. ಈಗ ಅದರ ಮೇಲೆ ಕಾರು ನಿಲ್ಲುತ್ತವೆ. ಸೈಕಲ್ ತುಳಿಯುವವರು ಯಾರೂ ಇಲ್ಲ, ಅಳಿಸಿಬಿಡೋಣ ಅನ್ನುವ ಮಾತು ಬಂದಿದೆ. ನನ್ನ ಮಗಳಿಗೆ ಸೈಕಲ್‌ನಲ್ಲೇ ಶಾಲೆಗೆ ಹೋಗುವ ಆಸೆ. ಮೂರು ಕಿಲೋಮೀಟರ್ ಅಷ್ಟೇ. ಆದರೆ ನಡುವೆ ಒಂದು ದೊಡ್ಡ ಸರ್ಕಲ್ ಇದೆ, ಕಳಿಸೋಕೆ ಧೈರ್ಯ ಬರುತ್ತಿಲ್ಲ. ನಾವು ಕೆಲವು ಪೋಷಕರು ಸೇರಿ ನಗರಾಡಳಿತಕ್ಕೆ ಮನವಿ ಕೊಡಬೇಕು ಅಂತಿದ್ದೇವೆ. ಏನು ಕೇಳೋಣ? ಇಷ್ಟು ಸಣ್ಣ ಊರಿಗೆ ಇದೆಲ್ಲ ಜಾಸ್ತಿ ಆಯ್ತಾ?

ಸಂಪಾದಕರ ಉತ್ತರ:

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ. ಜಾಸ್ತಿ ಆಗಲಿಲ್ಲ. ಸೈಕಲ್‌ಗೆ ನಿಮ್ಮಂಥ ಊರೇ ಸರಿಯಾದ ಅಳತೆ. ಮಹಾನಗರದಲ್ಲಿ ಮನೆಗೂ ಕೆಲಸಕ್ಕೂ ಎಷ್ಟೋ ದೂರ ಇರುತ್ತದೆ. ನಾಲ್ಕೈದು ಲಕ್ಷದ ಊರಿನಲ್ಲಿ ಶಾಲೆ, ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲ ಹೆಚ್ಚುಕಮ್ಮಿ ಐದು ಕಿಲೋಮೀಟರ್ ಒಳಗೇ ಸಿಗುತ್ತವೆ. ಗಂಟೆಗೆ 15 ಕಿ.ಮೀ. ಅಂದರೆ ಬೆವರದೆ ಆರಾಮಾಗಿ ತುಳಿಯುವ ವೇಗ. ಆ ಲೆಕ್ಕದಲ್ಲಿ ಐದು ಕಿಲೋಮೀಟರ್‌ಗೆ 20 ನಿಮಿಷ, ನಿಮ್ಮ ಮಗಳ ಶಾಲೆಗೆ 12 ನಿಮಿಷ.

ಈಗ ಆ ಬಿಳಿ ಗೆರೆಯ ವಿಷಯ. ಅದನ್ನು ಉಳಿಸೋಕೆ ನಿಮ್ಮ ಶಕ್ತಿಯನ್ನೆಲ್ಲ ಸುರಿಯಬೇಡಿ ಅನ್ನೋದು ನಮ್ಮ ಅಭಿಪ್ರಾಯ. ಬಣ್ಣ ಯಾರನ್ನೂ ತಡೆಯುವುದಿಲ್ಲ. ಎರಡು ನಿಮಿಷ ಅಂತ ಒಂದು ಕಾರು ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು. ಸೈಕಲ್‌ನವರು ಅದನ್ನು ಬಳಸಿಕೊಂಡು ನಡುರಸ್ತೆಗೆ ಬರಬೇಕು. ನಿಂತ ಕಾರಿನ ಬಾಗಿಲು ದಿಢೀರ್ ಅಂತ ತೆರೆದರೆ ಸುಮಾರು ಒಂದು ಮೀಟರ್ ಜಾಗ ಹೋಯಿತು. ಇಂಥ ಕಡೆ ಯಾರು ತುಳಿಯುತ್ತಾರೆ ಹೇಳಿ? ಅಲ್ಲಿ ಸೈಕಲ್ ಕಾಣುವುದಿಲ್ಲ ಅನ್ನುವುದು ಆ ಗೆರೆ ಸೋತಿದೆ ಅನ್ನೋದಕ್ಕೆ ಸಾಕ್ಷಿ. ಜನರಿಗೆ ಸೈಕಲ್ ಬೇಡ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಾಡಳಿತದಲ್ಲಿ ಸೈಕಲ್ ವಿಭಾಗ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರ ಸುಮಾರಿಗೆ ಜನರನ್ನು ನಾಲ್ಕು ಗುಂಪು ಮಾಡಿ ನೋಡಿದರು. ಯಾವ ರಸ್ತೆಯಲ್ಲಾದರೂ ನುಗ್ಗುವವರು ನೂರಕ್ಕೆ ಒಬ್ಬರೂ ಇಲ್ಲ. ಅಷ್ಟಿಷ್ಟು ಸೌಕರ್ಯ ಇದ್ದರೆ ತುಳಿಯುವವರು ಏಳು ಮಂದಿ. ಏನು ಕೊಟ್ಟರೂ ಬೇಡ ಅನ್ನುವವರು ಮೂರರಲ್ಲಿ ಒಂದು ಪಾಲು. ಉಳಿದ 60 ಮಂದಿಗೆ ಆಸೆ ಇದೆ, ಜೊತೆಗೆ ಭಯವೂ ಇದೆ. ಇದು ಅವರ ಅಂದಾಜು, ಊರಿಂದ ಊರಿಗೆ ಅಂಕಿ ಬದಲಾಗಬಹುದು. ಆದರೂ ನಿಮ್ಮ ಮಗಳು ಆ 60ರಲ್ಲಿ ಇದ್ದಾಳೆ, ನೀವೂ ಇದ್ದೀರಿ. ನಿಮ್ಮ ಮನವಿ ಅವರ ಪರವಾಗಿ ಇರಲಿ. ಈಗಾಗಲೇ ಧೈರ್ಯವಾಗಿ ತುಳಿಯುತ್ತಿರುವವರನ್ನು ಮಾತ್ರ ಎಣಿಸಿ ಪಥ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಅನ್ಯಾಯ.

ಹಾಗಾದರೆ ಮೊದಲು ಏನು ಕೇಳಬೇಕು? ಸರ್ಕಲ್. ನಾವು ಬೇರೆ ಯಾವುದನ್ನೂ ಇದಕ್ಕಿಂತ ಮುಂದೆ ಇಡುವುದಿಲ್ಲ.

ಎಷ್ಟೋ ಊರುಗಳಲ್ಲಿ ಸೈಕಲ್ ಪಥ ನೇರ ರಸ್ತೆಯಲ್ಲಿ ಚೆನ್ನಾಗಿ ಬರುತ್ತದೆ, ಸರ್ಕಲ್ ಹತ್ತಿರ ಬಂದ ಕೂಡಲೇ ನಿಂತುಹೋಗುತ್ತದೆ. ವಾಹನಗಳಿಗೆ ಅಲ್ಲಿ ಇನ್ನೊಂದು ಸಾಲು ಬೇಕಾಗಿರುತ್ತದೆ, ಆ ಜಾಗವನ್ನು ಸೈಕಲ್‌ನಿಂದ ಕಿತ್ತುಕೊಂಡಿರುತ್ತಾರೆ. ಅಂದರೆ ಎಲ್ಲಿ ರಕ್ಷಣೆ ಹೆಚ್ಚು ಬೇಕೋ ಅಲ್ಲೇ ಕೈಬಿಟ್ಟ ಹಾಗಾಯಿತು. ಅಲ್ಲಿ ದೊಡ್ಡ ಅಪಾಯ ಎಡಕ್ಕೆ ತಿರುಗುವ ಲಾರಿ, ಬಸ್ಸು, ಕಾರುಗಳಿಂದ. ಸೈಕಲ್ ನೇರ ಹೋಗುತ್ತಿರುತ್ತದೆ, ಪಕ್ಕದ ಲಾರಿ ಅದರ ಮುಂದೆಯೇ ತಿರುಗುತ್ತದೆ. ಎತ್ತರದಲ್ಲಿ ಕೂತ ಚಾಲಕನಿಗೆ ಮುಂದಿನ ಚಕ್ರದ ಪಕ್ಕ ಇರುವ ಹುಡುಗಿ ಕಾಣುವುದೇ ಇಲ್ಲ.

ಇದಕ್ಕೆ ಪರಿಹಾರ ಇದೆ. ನೆದರ್ಲೆಂಡ್ಸ್‌ನಲ್ಲಿ ಇದು ಮಾಮೂಲಿ ಕೆಲಸ. ಸರ್ಕಲ್‌ನ ಪ್ರತಿ ಮೂಲೆಯಲ್ಲಿ ಒಂದು ಸಣ್ಣ ದಿಬ್ಬ ಕಟ್ಟುತ್ತಾರೆ. ವಾಹನ ಅದನ್ನು ಸುತ್ತಿಕೊಂಡೇ ತಿರುಗಬೇಕು, ಹಾಗಾಗಿ ವೇಗ ತಾನಾಗಿ ಇಳಿಯುತ್ತದೆ. ಸೈಕಲ್ ದಾಟುವ ಜಾಗವನ್ನು ಸರ್ಕಲ್‌ನಿಂದ ಒಂದು ಕಾರಿನ ಉದ್ದದಷ್ಟು, ಅಂದರೆ ಸುಮಾರು ಐದು ಮೀಟರ್ ಹಿಂದಕ್ಕೆ ಎಳೆಯುತ್ತಾರೆ. ಇದರಿಂದ ಎರಡು ಲಾಭ. ಕಾರು ಅಲ್ಲಿಗೆ ಬರುವ ಹೊತ್ತಿಗೆ ಪೂರ್ತಿ ತಿರುಗಿಯಾಗಿರುತ್ತದೆ, ಸೈಕಲ್ ಚಾಲಕನ ಕಣ್ಣೆದುರಿಗೇ ಬರುತ್ತದೆ. ಮತ್ತೆ, ಸೈಕಲ್‌ಗೆ ದಾರಿ ಬಿಟ್ಟು ನಿಲ್ಲೋಕೆ ಕಾರಿಗೆ ಜಾಗ ಇರುತ್ತದೆ, ಹಿಂದಿನವರು ಹಾರ್ನ್ ಹೊಡೆಯುವುದಿಲ್ಲ. ಸಿಗ್ನಲ್‌ನಲ್ಲಿ ಸೈಕಲ್ ನಿಲ್ಲುವ ಗೆರೆಯನ್ನು ವಾಹನಗಳ ಗೆರೆಗಿಂತ ಮುಂದೆ ಇಡುತ್ತಾರೆ. ಜೊತೆಗೆ ಸೈಕಲ್‌ಗೆ ಕೆಲವು ಸೆಕೆಂಡ್ ಮೊದಲು ಹಸಿರು ದೀಪ ಕೊಟ್ಟರೆ ಮಕ್ಕಳು ಲಾರಿ ಹೊರಡುವ ಮೊದಲೇ ದಾಟಿರುತ್ತಾರೆ.

ಇಷ್ಟಕ್ಕೆ ಮೇಲ್ಸೇತುವೆ ಬೇಕಿಲ್ಲ, ಅಂಡರ್‌ಪಾಸ್ ಬೇಕಿಲ್ಲ. ಅಧಿಕಾರಿಗಳು ಸೈಕಲ್‌ಗೆ ಸೇತುವೆ ಕಟ್ಟಿಸಿಕೊಡುತ್ತೇವೆ ಅಂದರೆ ದಯವಿಟ್ಟು ಹಿಗ್ಗಬೇಡಿ. ಸೈಕಲ್ ತುಳಿದು ಏರು ಹತ್ತಬೇಕು, ಸುತ್ತಿ ಬರಬೇಕು. ಕಾರುಗಳು ಕೆಳಗೆ ಮೊದಲಿಗಿಂತ ಜೋರಾಗಿ ಓಡುತ್ತವೆ. ಪರೀಕ್ಷೆಗೆ ಕಲ್ಲು, ಸಿಮೆಂಟೂ ಬೇಡ. ಗಿಡ್ಡ ಕಂಬ, ರಬ್ಬರ್ ಅಡ್ಡಪಟ್ಟಿ, ದೊಡ್ಡ ಕುಂಡ ಇಟ್ಟು ಕೆಲವು ತಿಂಗಳು ನೋಡಬಹುದು. ತಪ್ಪಿದ್ದರೆ ಸರಿಸಬಹುದು. ನೀವು ಕೇಳುವಾಗ ಹೀಗೆ ಪ್ರಯೋಗ ಅಂತಲೇ ಕೇಳಿ, ಒಪ್ಪಿಸೋದು ಸುಲಭ.

ಸರ್ಕಲ್ ಆದ ಮೇಲೆ ಕೊಂಡಿ. ಇಲ್ಲೊಂದು ತುಂಡು, ಅಲ್ಲೊಂದು ತುಂಡು ಪಥದಿಂದ ಪ್ರಯೋಜನ ಕಡಿಮೆ. ಸ್ಪೇನ್‌ನ ಸೆವಿಲ್ಯ ನಗರ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. ಅಲ್ಲಿ ಸುಮಾರು ಏಳು ಲಕ್ಷ ಜನ. 2006ರವರೆಗೆ ಸೈಕಲ್ ತುಳಿಯುವವರು ಬೆರಳೆಣಿಕೆ ಅನ್ನಿ. ಅವರು ವರ್ಷಕ್ಕೊಂದು ರಸ್ತೆ ಅಂತ ಹೋಗಲಿಲ್ಲ. ಊರಿನ ಬಡಾವಣೆಗಳನ್ನೆಲ್ಲ ಜೋಡಿಸುವ ಸುಮಾರು 80 ಕಿ.ಮೀ. ಪಥವನ್ನು ಒಂದೇ ಬಾರಿಗೆ ಕೈಗೆತ್ತಿಕೊಂಡು ಒಂದೆರಡು ವರ್ಷದಲ್ಲೇ ಕಟ್ಟಿದರು. ಹೆಚ್ಚಿನ ಕಡೆ ರಸ್ತೆಬದಿ ಕಾರು ನಿಲ್ಲುತ್ತಿದ್ದ ಜಾಗವನ್ನೇ ತೆಗೆದುಕೊಂಡರು. ವಾಹನಗಳಿಂದ ಬೇರ್ಪಡಿಸಿ, ಎರಡೂ ದಿಕ್ಕಿಗೆ ಹೋಗುವ ಹಾಗೆ ಮಾಡಿದರು. ನಾಲ್ಕೈದು ವರ್ಷದಲ್ಲಿ ಸೈಕಲ್ ಓಡಾಟ ಹತ್ತು ಪಟ್ಟು ಆಯಿತು. ಅದೇ ಪಥವನ್ನು ಹತ್ತು ವರ್ಷಕ್ಕೆ ಹಂಚಿದ್ದರೆ ಮೊದಲ ತುಂಡು ಖಾಲಿ ಬಿದ್ದಿರುತ್ತಿತ್ತು, ಅದನ್ನೇ ತೋರಿಸಿ ಎರಡನೆಯದನ್ನು ನಿಲ್ಲಿಸುತ್ತಿದ್ದರು. ನಿಮ್ಮ ಊರಲ್ಲಿ ಈಗ ನಡೆಯುತ್ತಿರುವುದು ಅದೇ ಅಲ್ವಾ?

ಬಿಸಿಲು ಅಂತ ಯಾರಾದರೂ ಅಡ್ಡಮಾತು ತೆಗೆದರೆ, ಸೆವಿಲ್ಯದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಂತ ಹೇಳಿ. ಚಳಿ ಅಂದರೆ ಫಿನ್ಲೆಂಡಿನ ಔಲು ನಗರ ಇದೆ. ಅಲ್ಲಿ ಹಿಮ ಬಿದ್ದಾಗ ಸೈಕಲ್ ಪಥವನ್ನೂ ತಪ್ಪದೆ ಗುಡಿಸುತ್ತಾರೆ, ಜನ ಚಳಿಗಾಲದಲ್ಲೂ ತುಳಿಯುತ್ತಾರೆ. ನೆರಳಿಗೆ ಮರ ಬೇಕು, ಅದನ್ನೂ ಕೇಳಿ.

ಎಲ್ಲ ರಸ್ತೆಗೂ ಪ್ರತ್ಯೇಕ ಪಥ ಬೇಕಾಗಿಲ್ಲ. ಒಳರಸ್ತೆಗಳಲ್ಲಿ ವೇಗ 30 ಕಿ.ಮೀ.ಗೆ ಇಳಿದು, ಅಡ್ಡದಾರಿ ಹಿಡಿಯುವ ವಾಹನಗಳು ನಿಂತರೆ ಸೈಕಲ್, ಕಾರು ಒಟ್ಟಿಗೇ ಹೋಗಬಹುದು. 50ರಲ್ಲಿ ಬರುವ ವಾಹನಕ್ಕೆ 30ರಲ್ಲಿ ಬರುವುದಕ್ಕಿಂತ ಸುಮಾರು ಮೂರು ಪಟ್ಟು ಹೊಡೆತದ ಶಕ್ತಿ ಇರುತ್ತದೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ 1977ರಲ್ಲಿ ಊರಿನ ನಡುಭಾಗವನ್ನು ನಾಲ್ಕು ಪಾಲು ಮಾಡಿತು. ಒಂದು ಪಾಲಿನಿಂದ ಇನ್ನೊಂದಕ್ಕೆ ಕಾರು ನೇರ ಹೋಗುವಂತಿಲ್ಲ, ಹೊರಗಿನ ವರ್ತುಲ ರಸ್ತೆಗೆ ಹೋಗಿ ಬರಬೇಕು. ಸೈಕಲ್‌ಗೆ ಮಾತ್ರ ನೇರ ದಾರಿ. ಅಂಗಡಿಯವರು ಬಲವಾಗಿ ವಿರೋಧಿಸಿದ್ದರು. ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಓಡುವ ಊರುಗಳಲ್ಲಿ ಅದೂ ಒಂದು. ಬೆಲ್ಜಿಯಂನ ಗೆಂಟ್ 2017ರ ಏಪ್ರಿಲ್‌ನಲ್ಲಿ ಇದೇ ಥರದ ವ್ಯವಸ್ಥೆ ತಂದಿತು. ಮುಖ್ಯವಾಗಿ ಬೇಕಾದದ್ದು ಬೋರ್ಡು, ಅಡ್ಡಗಂಬ, ಮತ್ತೆ ಗಟ್ಟಿ ಮನಸ್ಸು.

ಅಂಗಡಿಯವರ ಆತಂಕವನ್ನು ಹಗುರವಾಗಿ ನೋಡಬೇಡಿ, ಅವರ ಹತ್ತಿರ ನೀವೇ ಮೊದಲು ಹೋಗಿ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ವಿಚಾರಿಸಿದಾಗ ನೂರರಲ್ಲಿ 41 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಅಂತ ಅಂಗಡಿಯವರು ನಂಬಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು 22. ನಿಮ್ಮ ಬೀದಿಯಲ್ಲೂ ಗಿರಾಕಿಗಳನ್ನು ಕೇಳಿ ಬರೆದುಕೊಳ್ಳಿ. ಸಾಮಾನು ಇಳಿಸುವ ಗಾಡಿಗೆ ಬೆಳಗಿನ ಹೊತ್ತು ಜಾಗ ಬೇಕೇ ಬೇಕು. ಅದನ್ನು ನಿಮ್ಮ ಮನವಿಯಲ್ಲೇ ಸೇರಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ ಅನ್ನೋದನ್ನೂ ಹೇಳಿ. ಸ್ಟ್ಯಾಂಡ್ ಮಾತ್ರ ತಲೆಕೆಳಗಾದ ಯು ಆಕಾರದ ಕಬ್ಬಿಣದ ಪೈಪ್‌ನದ್ದು ಇರಲಿ, ಚೌಕಟ್ಟಿಗೂ ಚಕ್ರಕ್ಕೂ ಸೇರಿಸಿ ಬೀಗ ಹಾಕಬಹುದು. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಥರದ್ದರಲ್ಲಿ ಸೈಕಲ್ ವಾಲಿದರೆ ರಿಮ್ ಬಾಗುತ್ತದೆ.

ನೆದರ್ಲೆಂಡ್ಸ್‌ನ ಡಚ್ಚರು ಹುಟ್ಟಾ ಸೈಕಲ್‌ನವರು, ನಮಗೆ ಆಗಲ್ಲ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಈ ಕಥೆ ಹೇಳಿ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಲ್ಲೂ ಕಾರಿಗಾಗಿ ರಸ್ತೆ ಅಗಲ ಮಾಡುತ್ತಿದ್ದರು, ಸೈಕಲ್ ಕಡಿಮೆಯಾಗುತ್ತಿತ್ತು. ವಿಕ್ ಲಾಂಗೆನ್‌ಹಾಫ್ ಅನ್ನುವ ಪತ್ರಕರ್ತನ ಮಗಳು ಶಾಲೆಗೆ ಹೋಗುವಾಗ ವಾಹನಕ್ಕೆ ಸಿಕ್ಕಿ ತೀರಿಕೊಂಡಳು. ಅವರು 1972ರಲ್ಲಿ ಪತ್ರಿಕೆಯಲ್ಲಿ ಬರೆದರು, ಮಕ್ಕಳ ಕೊಲೆ ನಿಲ್ಲಿಸಿ ಅಂತ. ಅದೇ ಹೆಸರಿನಲ್ಲಿ ಪೋಷಕರು ಒಟ್ಟಾದರು, ರಸ್ತೆಗಳಲ್ಲಿ ಕೂತರು. ಮರುವರ್ಷ ಪೆಟ್ರೋಲ್ ಕೊರತೆಯೂ ಬಂತು. ಇವತ್ತು ನಾವು ಬೆರಗಿನಿಂದ ನೋಡುವ ಸೈಕಲ್ ಪಥಗಳ ಹಿಂದೆ ಆ ತಾಯಂದಿರು, ತಂದೆಯರು ಇದ್ದಾರೆ. ನಿಮ್ಮ ಹಾಗೆಯೇ ಮನವಿ ಬರೆಯೋಕೆ ಕೂತವರು.

ಮನವಿ ಕೊಡುವ ಮೊದಲು ನಿಮ್ಮ ಮಗಳ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಒಮ್ಮೆ ನಡೆಯಿರಿ, ಟೇಪು ಜೊತೆಗಿರಲಿ. ಚರಂಡಿ ಜಾಲರಿಯ ಸಂದುಗಳು ರಸ್ತೆಯ ಉದ್ದಕ್ಕೇ ಇದ್ದರೆ ಸಣ್ಣ ಟೈರು ಸೀದಾ ಒಳಗೆ ಇಳಿಯುತ್ತದೆ. ಜಾಲರಿ ತೆಗೆದು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಸಾಕು, ಆಕಾರ ಒಪ್ಪದಿದ್ದರೆ ಬೇರೆ ಹಾಕಬೇಕು. ಪಥ ರಸ್ತೆಗೆ ಇಳಿಯುವ ಕಡೆ ಕಲ್ಲಿನ ಅಂಚು ಎರಡು ಬೆರಳು ಮೇಲೆದ್ದಿದ್ದರೂ ಮಳೆಯಲ್ಲಿ ಚಕ್ರ ಜಾರುತ್ತದೆ. ಒಂದೇ ದಿಕ್ಕಿನ ಪಥಕ್ಕೆ ಎರಡು ಮೀಟರ್ ಅಗಲ ಕೇಳಿ. ಇಬ್ಬರು ಗೆಳತಿಯರು ಮಾತಾಡುತ್ತಾ ಜೊತೆಗೆ ತುಳಿಯೋಕೆ, ಒಬ್ಬರು ಇನ್ನೊಬ್ಬರನ್ನು ದಾಟೋಕೆ ಅಷ್ಟು ಬೇಕು. ಬಸ್ ಸ್ಟಾಪ್ ಬಂದರೆ ಪಥ ಅದರ ಹಿಂದಿನಿಂದ ಹೋಗಬೇಕು. ಇಲ್ಲದಿದ್ದರೆ ಪ್ರತಿ ಬಸ್ಸೂ ಸೈಕಲ್ ಅನ್ನು ರಸ್ತೆಗೆ ತಳ್ಳುತ್ತದೆ. ಎಲ್ಲದಕ್ಕೂ ಫೋಟೊ, ಅಳತೆ ಲಗತ್ತಿಸಿ.

ಇನ್ನೊಂದು ಮುಖ್ಯ ಮಾತು. ಮುಂದಿನ ವರ್ಷ ಯಾವ ರಸ್ತೆಗಳಿಗೆ ಡಾಂಬರು ಹಾಕುತ್ತಾರೆ, ಎಲ್ಲಿ ಪೈಪ್‌ಲೈನ್‌ಗೆ ಅಗೆಯುತ್ತಾರೆ ಅನ್ನುವ ಪಟ್ಟಿಯನ್ನು ಈಗಲೇ ಕೇಳಿ ತೆಗೆದುಕೊಳ್ಳಿ. ಹೇಗೂ ಅಗೆದು ಮತ್ತೆ ಹಾಸುವ ರಸ್ತೆಯಲ್ಲಿ ಅಂಚುಕಲ್ಲು ಸರಿಸಿ ಕಟ್ಟೋಕೆ ಹೆಚ್ಚುವರಿ ಖರ್ಚು ಕಡಿಮೆ. ಆ ಪಟ್ಟಿಯಲ್ಲಿ ನಿಮ್ಮ ದಾರಿಯ ರಸ್ತೆ ಇದ್ದರೆ ಟೆಂಡರ್ ಕರೆಯುವ ಮೊದಲು ನಕ್ಷೆಯಲ್ಲಿ ಸೈಕಲ್ ಪಥ ಸೇರಬೇಕು. ಟೆಂಡರ್ ಆದ ಮೇಲೆ ಹೋದರೆ ಮುಂದಿನ ಸಲ ನೋಡೋಣ ಅಂತಾರೆ, ಆ ಮುಂದಿನ ಸಲ ಬರುವಷ್ಟರಲ್ಲಿ ನಿಮ್ಮ ಮಗಳು ಶಾಲೆ ಮುಗಿಸಿರುತ್ತಾಳೆ.

— ಸಂ.